ಹತ್ತನೇ ಸಾಲು ಕುಂಟುತ್ತಿದೆ

ದಡ್. ದಡ್. ದಡ್. ಟಕ್.

“ಕಟ್!” ಪರದೆಯ ಕಡೆಯಿಂದ ಕೂಗು ಬರುತ್ತದೆ. “ಯಾರ್ರೀ ಅದು? ಶಾಟ್ ನಡೀತಿದೆ!”

ಚಿತ್ರಮಂದಿರದ ಕುರ್ಚಿ ರಿಪೇರಿಯ ಸೀಟಪ್ಪ ತಿರುಗಿ ನೋಡುವುದಿಲ್ಲ. ಕುರ್ಚಿಯ ಆಸನವನ್ನು ಇನ್ನೊಮ್ಮೆ ಕೆಳಕ್ಕೆಳೆದು ಕೈಬಿಡುತ್ತಾರೆ. ಟಕ್. ಅದರ ಪಕ್ಕದ್ದು, ಟಕ್. ಅದರಾಚೆಯದು, ಟಕಟಕ. ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಟಾರ್ಚ್ ಬಿಡುತ್ತಾರೆ. ಬೋಲ್ಟು ಬಿಗಿದಿದ್ದರೂ ಕುರ್ಚಿಯ ಕಬ್ಬಿಣದ ಕಾಲಿಗೂ ನೆಲಕ್ಕೂ ನಡುವೆ ಒಂದು ಬೆರಳು ಸಲೀಸಾಗಿ ಹೋಗುತ್ತದೆ.

“ಈ ಸಾಲು ಬಿಚ್ಚಿದವರು ಯಾರು?”

ಬೆಳಗಿನ ಐದೂ ಮುಕ್ಕಾಲು. ಪೇಟೆಯ ನಡುವಿನ ಈ ಹಳೆಯ ಚಿತ್ರಮಂದಿರದೊಳಗೆ ಏಳು ಜನ ವಿದ್ಯಾರ್ಥಿಗಳು ಒಂದು ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದಾರೆ. ಪರೀಕ್ಷೆಗೆ ಒಪ್ಪಿಸಬೇಕಾದ ಹತ್ತು ನಿಮಿಷದ ಸಿನಿಮಾ. ನಿನ್ನೆ ವಾರದ ರಜೆ. ಖಾಲಿ ಹಾಲ್‌ನಲ್ಲಿ ಹತ್ತನೇ ಸಾಲಿನ ಇಪ್ಪತ್ತೆರಡು ಕುರ್ಚಿಗಳನ್ನೂ ಬಿಚ್ಚಿ, ಆ ಜಾಗದಲ್ಲಿ ಹಳಿ ಹಾಕಿ ಕ್ಯಾಮೆರಾ ಉರುಳಿಸಿದ್ದಾರೆ. ಸಂಜೆ ತಾವೇ ಮತ್ತೆ ಕೂರಿಸಿಯೂ ಇದ್ದಾರೆ. ಸೀಟಪ್ಪ ಹೆಂಡತಿಯೊಡನೆ ಮಗಳ ಮನೆಗೆ ಹೋಗಿದ್ದರು. ಅವರಿಗೇಕೆ ತೊಂದರೆ ಎಂದುಕೊಂಡವರು ಈ ಮಕ್ಕಳು. ಒಳ್ಳೆಯ ಮಕ್ಕಳೇ.

“ನಾವೇ ಅಂಕಲ್,” ಎನ್ನುತ್ತಾಳೆ ನಿರ್ದೇಶಕಿ. ಕಣ್ಣಿಗೆ ನಿದ್ದೆಯಿಲ್ಲ, ಕೈಗೆ ಸುಮ್ಮನಿರಲು ಬರುವುದಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತಲೇ ಇದ್ದಾಳೆ. “ಪ್ರತಿ ಕುರ್ಚಿಗೂ ಟೇಪ್ ಅಂಟಿಸಿ ಒಂದು, ಎರಡು ಅಂತ ನಂಬರ್ ಬರೆದಿದ್ವಿ. ಅದೇ ಪ್ರಕಾರ ಇಟ್ಟಿದೀವಿ.”

“ನಂಬರ್ ಬರೆದೋರು ಎಲ್ಲಿ ನಿಂತಿದ್ರಮ್ಮ?”

“ಪರದೆಗೆ ಬೆನ್ನು ಹಾಕಿ,” ಎನ್ನುತ್ತಾನೆ ಕ್ಯಾಮೆರಾ ಹುಡುಗ.

“ವಾಪಸ್ ಇಟ್ಟೋರು?”

ವಾಪಸ್ ಇಟ್ಟವರು ಪರದೆಗೆ ಮುಖ ಮಾಡಿ ನಿಂತು ಎಡದಿಂದ ಎಣಿಸಿದ್ದಾರೆ. ಅಲ್ಲಿಗೆ ಒಂದನೆಯದು ಇಪ್ಪತ್ತೆರಡನೆಯದರ ಜಾಗದಲ್ಲಿ ಕೂತಿದೆ, ಇಪ್ಪತ್ತೆರಡನೆಯದು ಒಂದರಲ್ಲಿ. ಇಡೀ ಸಾಲು ಬಲ ಎಡವಾಗಿ, ಎಡ ಬಲವಾಗಿ ತಿರುಗಿದೆ.

“ಕೂತು ನೋಡಿದ್ವಿ ಅಂಕಲ್. ಸರಿ ಇತ್ತು.”

“ನಡುವೆ ಕೂತಿರ್ತೀರ. ನಡುವೆ ಎಲ್ರೂ ಒಳ್ಳೇವ್ರೇ. ತುದೀಲಿ ಕೂತು ನೋಡಿ.”

ಆಕೆ ತುದಿಯಲ್ಲಿ ಕೂರುತ್ತಾಳೆ. ಕುರ್ಚಿ ಒಂದು ಬದಿಗೆ ವಾಲಿ, ಕಿರ್ ಎಂದು ಅರಚಿ, ಆಕೆಯನ್ನು ಪಕ್ಕದ ಕುರ್ಚಿಯ ಮೇಲೆ ಚೆಲ್ಲಲು ನೋಡುತ್ತದೆ.

ಈ ಹಾಲ್‌ನ ನೆಲ ಸೌಟಿನ ಹೊಟ್ಟೆಯಂತೆ. ಪರದೆಯ ಕಡೆಗಷ್ಟೇ ಇಳಿಯುವುದಿಲ್ಲ, ಎರಡೂ ಬದಿಯಿಂದ ನಡುವಿಗೂ ಇಳಿಯುತ್ತದೆ. ಮೂವತ್ನಾಲ್ಕು ವರ್ಷದ ಹಿಂದೆ ಇದನ್ನು ಹೊಸದಾಗಿ ಹಾಕುವಾಗ ಗಾರೆ ಕೆಲಸಕ್ಕೆ ಬಂದ ಹತ್ತೊಂಬತ್ತರ ಯುವಕನೇ ಇಂದಿನ ಸೀಟಪ್ಪ. ಗಾರೆ ಒಣಗಿದ ಮೇಲೆ ಕುರ್ಚಿಗಳೆಲ್ಲ ಕುಂಟಿದವು. ಮೇಸ್ತ್ರಿ ಕೈತೊಳೆದುಕೊಂಡು ಹೋದ. ಉಳಿದವರು ಇವರು, ಒಂದು ಗರಗಸ, ಒಂದು ಅರ. ಏಳು ತಿಂಗಳು ಕೂತು ನಾನೂರ ಹದಿನೆಂಟು ಕುರ್ಚಿಗಳ ಒಂದೊಂದು ಕಾಲನ್ನೂ ಅದರದರ ಜಾಗಕ್ಕೆ ತಕ್ಕಂತೆ ಉಜ್ಜಿ ಸವೆಸಿದರು. ಎಡತುದಿಯ ಕುರ್ಚಿಗೆ ಎಡಗಾಲು ಗಿಡ್ಡ, ಬಲತುದಿಯದಕ್ಕೆ ಬಲಗಾಲು ಗಿಡ್ಡ. ನಡುವಿನವಕ್ಕೆ ಎರಡೂ ಹೆಚ್ಚುಕಡಿಮೆ ಸಮ. ಚಿತ್ರಮಂದಿರದ ನಂಬರು ಬರೆದಿರುವುದು ಕುರ್ಚಿಯ ಮೇಲಲ್ಲ, ನೆಲದ ಮೇಲೆ. ಯಾವ ಕುರ್ಚಿ ಯಾವ ನಂಬರಿನದೆಂದು ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ.

ದಿನವೂ ಬೆಳಗ್ಗೆ ಇಪ್ಪತ್ತೈದು ನಿಮಿಷದಲ್ಲಿ ನಾನೂರ ಹದಿನೆಂಟು ಆಸನಗಳನ್ನೂ ಎಳೆದು ಬಿಡುತ್ತಾರೆ. ದಡ್ ಎಂದರೆ ಆರೋಗ್ಯ, ಟಕ್ ಎಂದರೆ ಕಾಯಿಲೆ. ದಿನಕ್ಕೆ ಐದಾರು ಕಾಯಿಲೆ ಇದ್ದೇ ಇರುತ್ತವೆ. ಸೀಟಿನಡಿ ಬಾಚಣಿಗೆ, ಬೀಗದ ಕೈ, ಒಮ್ಮೆ ಪೂರ್ತಿ ಒಂದು ಸೆಟ್ ಕಟ್ಟಿಸಿದ ಹಲ್ಲು ಸಿಕ್ಕಿದೆ. “ಯಾರಿಗೋ ನಗು ತಡೆಯೋಕಾಗಿಲ್ಲ,” ಎನ್ನುತ್ತಾರೆ. ಧೂಳಿಗೆ ಕೆಮ್ಮು ಹಿಡಿದಿದೆ. ಬಲಮಂಡಿ ಮಡಚಿದರೆ ಬಿಚ್ಚಲು ಹಟ ಮಾಡುತ್ತದೆ. ಹರಿದ ಹೊದಿಕೆಗಳನ್ನು ಮನೆಯಲ್ಲಿ ಹೊಲಿಯುವುದು ಹೆಂಡತಿ, ತಿಂಗಳಿಗೆ ನಲವತ್ತು. “ಊರಿಗೆಲ್ಲ ಮೆತ್ತನೆ ಆಸನ, ನಮ್ಮನೇಲಿ ಕೂರೋಕೆ ಮಣೆ,” ಎಂದು ಆಕೆ ಚುಚ್ಚಿದರೆ, “ಮಣೆ ಕುಂಟಲ್ಲ ಕಣೇ,” ಎಂದು ಇವರ ಉತ್ತರ.

ಇಷ್ಟು ವರ್ಷದಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ಬಾಗಿಲ ಬಳಿ ನಿಂತು ಬೆನ್ನುಗಳನ್ನು ನೋಡುತ್ತಾರೆ. “ಕತೆ ಚೆನ್ನಾಗಿದ್ರೆ ಸೀಟು ಸುಮ್ನಿರುತ್ತೆ. ಕತೆ ಕೆಟ್ರೆ ನಾನೂರು ಸೀಟೂ ಒಟ್ಟಿಗೆ ಮಾತಾಡ್ತವೆ. ಬೈಸ್ಕೊಳ್ಳೋದು ಮಾತ್ರ ನಾನು.”

ಇಂದು ಬೈಗುಳಕ್ಕೇ ಮುಗಿಯುವುದಿಲ್ಲ. ಹೊರಗಿನ ಹಜಾರದಲ್ಲಿ ಹೊಸ ಮಾದರಿಯ ಕುರ್ಚಿಯೊಂದು ಬಂದು ಕೂತಿದೆ. ಮೈಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ತೋಳಿನಲ್ಲಿ ಲೋಟ ಇಡಲು ಗುಂಡಿ. ಎಂಥ ನೆಲದ ಮೇಲೂ ತಿರುಪು ತಿರುಗಿಸಿ ಮಟ್ಟ ಮಾಡಬಹುದಂತೆ. ಇಂದು ಹನ್ನೊಂದೂವರೆಯ ಆಟಕ್ಕೆ ಮಾಲೀಕರು ಖುದ್ದು ಬರುತ್ತಾರೆ, ಹಾಲ್ ಭರ್ತಿ. ಹಳೆಯ ಕುರ್ಚಿಯ ಮೇಲೆ ಒಂದೇ ಒಂದು ದೂರು ಬಂದರೂ ನಾಳೆ ನಾನೂರ ಹದಿನೆಂಟಕ್ಕೂ ಆರ್ಡರ್. ಸೀಟಪ್ಪನಿಗೆ ಇದನ್ನು ಮ್ಯಾನೇಜರ್ ಹೋದ ವಾರವೇ ಹೇಳಿದ್ದಾರೆ. ಇನ್ನೊಂದು ವಿಷಯ ಹೇಳಬೇಕಾಗಿರಲಿಲ್ಲ: ಮಾಲೀಕರು ಯಾವಾಗಲೂ ಕೂರುವುದು ಹತ್ತನೇ ಸಾಲಿನ ತುದಿಯಲ್ಲಿ.

ಇಪ್ಪತ್ತೆರಡು ಕುರ್ಚಿ, ಕುರ್ಚಿಗೆ ನಾಲ್ಕು ಬೋಲ್ಟು. ಸೀಟಪ್ಪ ಅಂಗಾತ ಮಲಗಿ ಸ್ಪ್ಯಾನರ್ ಹಾಕುತ್ತಾರೆ. ಮೊದಲ ಬೋಲ್ಟೇ ಜಗ್ಗುವುದಿಲ್ಲ. ಮಕ್ಕಳು ಜೀವ ಬಿಟ್ಟು ಬಿಗಿದಿದ್ದಾರೆ.

“ಅಂಕಲ್, ಒಂದರ್ಧ ಗಂಟೆ ಕೊಡ್ತೀರಾ?” ನಿರ್ದೇಶಕಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾಳೆ. “ಆರೂವರೆಗೆ ಆ ಬಾಗಿಲಿಂದ ಬಿಸಿಲು ನೇರ ಈ ಸಾಲಿನ ಮೇಲೆ ಬೀಳುತ್ತೆ. ಹತ್ತೇ ನಿಮಿಷ. ಅದೇ ನನ್ನ ಕೊನೇ ಶಾಟು. ಅದಿಲ್ದಿದ್ರೆ ಸಿನಿಮಾನೇ ಇಲ್ಲ.”

“ನಿನ್ನ ಬಿಸಿಲು ನಾಳೆಗೂ ಬರುತ್ತಮ್ಮ.”

“ನಾಳೆ ಕ್ಯಾಮೆರಾ ವಾಪಸ್ ಕೊಡ್ಬೇಕು.”

“ನನಗೆ ನಾಳೆನೇ ಇಲ್ಲ, ತಾಯಿ.”

ಮುಂದಿನ ಅರ್ಧ ಗಂಟೆ ಹಾಲ್‌ನಲ್ಲಿ ಸ್ಪ್ಯಾನರಿನ ಸದ್ದು, ಆಕೆಯ ಹೆಜ್ಜೆಯ ಸದ್ದು. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ. ಆರೂವರೆಗೆ ಬಿಸಿಲು ಬಂದೇ ಬರುತ್ತದೆ. ಬಾಗಿಲಿಂದ ಒಂದು ಪಟ್ಟಿ ತೆವಳಿ ಬಂದು ಬಿಚ್ಚಿ ಚೆಲ್ಲಿದ ಕುರ್ಚಿಗಳ ಮೇಲೆ, ಸೀಟಪ್ಪನ ಸವೆದ ಚಪ್ಪಲಿಯ ಮೇಲೆ ಬೀಳುತ್ತದೆ. ಕ್ಯಾಮೆರಾ ಹುಡುಗ ಆಕೆಯ ಮುಖ ನೋಡುತ್ತಾನೆ. ಆಕೆ ಬಿಸಿಲನ್ನು ನೋಡುತ್ತಾಳೆ, ಪೆನ್ನಿನ ಮುಚ್ಚಳವನ್ನು ಕಟ್ಟಕಡೆಗೆ ಹಾಕುತ್ತಾಳೆ.

“ಕ್ಯಾಮೆರಾ ಬಿಡೋ. ಸ್ಪ್ಯಾನರ್ ಹಿಡ್ಕೋ.”

ಎಂಟಕ್ಕೆ ಆರು ಕುರ್ಚಿ ಜಾಗ ಸೇರಿವೆ. ಒಂಬತ್ತೂವರೆಗೆ ಹದಿಮೂರು. ಸೀಟಪ್ಪ ಟೇಪಿನ ನಂಬರುಗಳನ್ನು ನೋಡುವುದೇ ಇಲ್ಲ. ಕಾಲಿನ ತಳವನ್ನು ಹೆಬ್ಬೆರಳಿಂದ ಸವರಿ, “ನಾಲ್ಕು” ಎನ್ನುತ್ತಾರೆ, “ಹತ್ತೊಂಬತ್ತು” ಎನ್ನುತ್ತಾರೆ. ಕ್ಯಾಮೆರಾ ಹುಡುಗ ಪರೀಕ್ಷೆ ಮಾಡಲೆಂದೇ ಒಂದೇ ಕುರ್ಚಿಯನ್ನು ಎರಡನೇ ಸಲ ಮುಂದಿಡುತ್ತಾನೆ. “ಇವನು ಆಗ್ಲೇ ಬಂದು ಹೋದ್ನಲ್ಲಪ್ಪ. ನಿನಗೇನು ಬೇರೆ ಕೆಲ್ಸ ಇಲ್ವಾ?” ಎಲ್ಲರೂ ಗೊಳ್ಳೆನ್ನುತ್ತಾರೆ.

ಹತ್ತೂ ಮುಕ್ಕಾಲಿಗೆ ಕೊನೆಯ ಬೋಲ್ಟು. ಸೀಟಪ್ಪ ಸಾಲಿನುದ್ದಕ್ಕೂ ಎಳೆದು ಬಿಡುತ್ತಾ ಹೋಗುತ್ತಾರೆ. ದಡ್, ದಡ್, ದಡ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೈಕ್ ಹಿಡಿದಿದ್ದ ಹುಡುಗಿ ಕೈಯೆತ್ತುತ್ತಾಳೆ. “ಹದಿನೆಂಟರಲ್ಲಿ ಇನ್ನೂ ಏನೋ ಇದೆ ಅಂಕಲ್.”

ಅವರು ಮತ್ತೆ ಬಿಡುತ್ತಾರೆ. ಕೇಳುತ್ತಾರೆ. ಹೌದು. ಸೈಕಲ್ ಟ್ಯೂಬಿನ ತುಂಡೊಂದನ್ನು ಕತ್ತರಿಸಿ ಕಾಲಿನಡಿ ತೂರಿಸಿ ಬಿಗಿಯುತ್ತಾರೆ. “ನನಗೆ ಕೇಳಿಸ್ಲಿಲ್ಲ ನೋಡು,” ಎಂದು ಎರಡು ಸಲ ಹೇಳುತ್ತಾರೆ, ಯಾರಿಗೆಂದು ತಿಳಿಯದ ಹಾಗೆ.

ಆಟ ಶುರುವಾಗುತ್ತದೆ. ಮಾಲೀಕರು ತುದಿಯಲ್ಲಿ ಕೂರುತ್ತಾರೆ. ಸೀಟಪ್ಪ ಬಾಗಿಲ ಬಳಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಲ್ಲುತ್ತಾರೆ. ವಿರಾಮಕ್ಕೆ ಮುಂಚೆ ಹತ್ತನೇ ಸಾಲಿನಿಂದ ಸದ್ದೊಂದು ಬರುತ್ತದೆ, ಸೀಟಪ್ಪ ಎರಡು ಹೆಜ್ಜೆ ಒಳಗೆ ಬರುತ್ತಾರೆ. ಕುರ್ಚಿಯಲ್ಲ. ಮಾಲೀಕರ ಗೊರಕೆ.

ಎರಡು ಗಂಟೆಗೆ ಮ್ಯಾನೇಜರ್ ಹಜಾರಕ್ಕೆ ಬರುತ್ತಾರೆ. “ಒಂದು ದೂರೂ ಇಲ್ಲ ಸೀಟಪ್ಪ. ಆರ್ಡರ್ ಸದ್ಯಕ್ಕೆ ಬೇಡ ಅಂದ್ರು. ನಿದ್ದೆ ಚೆನ್ನಾಗಿ ಬಂತಂತೆ.”

ಪಕ್ಕದಲ್ಲೇ ನಿರ್ದೇಶಕಿ. ಬೆಳಗ್ಗೆ ಬಿಸಿಲು ಕಳೆದುಕೊಂಡವಳ ಕಣ್ಣಲ್ಲಿ ಹೊಸ ಹುರುಪು. “ಅಂಕಲ್, ಮ್ಯಾನೇಜರ್ ಸಾರ್ ಒಪ್ಪಿದಾರೆ. ಆ ತುದಿ ಕುರ್ಚೀನ ನಮ್ಮ ಕಾಲೇಜಿಗೆ ಒಯ್ತೀವಿ. ಬಾಗಿಲಲ್ಲೇ ಇಡ್ತೀವಿ. ಹಿತ್ತಾಳೆ ಫಲಕದ ಮೇಲೆ ನಿಮ್ಮ ಹೆಸರು. ನಿಮ್ಮನ್ನ ಕರೆಸಿ ಶಾಲು ಹೊದಿಸಿ…”

“ಆ ಜಾಗ ಖಾಲಿ ಬಿಡಲ್ಲ,” ಎನ್ನುತ್ತಾರೆ ಮ್ಯಾನೇಜರ್, ಪ್ಲಾಸ್ಟಿಕ್ ಹೊದ್ದ ಹೊಸ ಕುರ್ಚಿಯ ತಲೆ ತಟ್ಟುತ್ತಾ. “ಇದನ್ನ ಕೂರಿಸೋಣ. ಒಂದೇ ತಾನೆ?”

ಸೀಟಪ್ಪ ಹೊಸ ಕುರ್ಚಿಯನ್ನು ನೋಡುತ್ತಾರೆ. ಕೈಯಲ್ಲಿನ ಸ್ಪ್ಯಾನರನ್ನು ಅಂಗಿಗೆ ಒರೆಸಿ ಜೇಬಿಗೆ ಇಳಿಬಿಡುತ್ತಾರೆ.

“ನಿಮ್ಮ ಕಾಲೇಜಿನ ನೆಲ ಹೇಗಿದೆಯಮ್ಮ?”

“ನೆಲ? ಮಟ್ಟವಾಗಿದೆ ಅಂಕಲ್. ಗ್ರಾನೈಟು.”

“ಹಾಗಿದ್ರೆ ಅಲ್ಲಿ ಅದು ಕುಂಟುತ್ತೆ. ಕೊಡಲ್ಲ.”