ಜೂನ್ ಒಂದರಂದು ಹುಟ್ಟಿದ ವರ್ಗ

ನನ್ನ ಹೆಸರಿನ ಹಿಂದೆ ಮುಂದೆ ಯಾವ ಪದವಿಯೂ ಇಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷ ಶಿಕ್ಷಕಿಯರ ತರಬೇತಿ, ಆಮೇಲೆ ಖಾನಾಪುರದ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ನೌಕರಿ. ಗಣಿತದಲ್ಲಿ ನನ್ನ ಓದು ಇಷ್ಟೇ. ಆದರೂ ಗಣಿತದ ಒಂದು ವಾದದಲ್ಲಿ ನಾನು ಗೆದ್ದಿದ್ದೇನೆ, ಅದೂ ಓಡುವ ರೈಲಿನಲ್ಲಿ, ಒಂದು ಡಬ್ಬಿ ಜನರ ಎದುರಿಗೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಜಂಬ ಅನ್ನುವವರು ಅನ್ನಲಿ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಬೆಳಗಾವಿಯ ವಡಗಾವಿಯಲ್ಲಿ. ಅಪ್ಪ ಮಗ್ಗಕ್ಕೆ ಕೂರುವ ಹೊತ್ತಿಗೆ ನಾನು ಬುತ್ತಿ ಕಟ್ಟಿಕೊಂಡು ಸ್ಟೇಶನ್ನಿನ ಹಾದಿ ಹಿಡಿಯುತ್ತಿದ್ದೆ. ಬೆಳಗಿನ ಪ್ಯಾಸೆಂಜರ್ ಖಾನಾಪುರ ಮುಟ್ಟಲು ಸುಮಾರು ಒಂದು ತಾಸು. ಮೊದಲ ಎರಡು ತಿಂಗಳು ಹೆಂಗಸರ ಡಬ್ಬಿಯಲ್ಲೇ ಹೋಗಿ ಬಂದೆ. ಒಂದು ದಿನ ಗಾಡಿ ಬಿಡುವ ಗಡಿಬಿಡಿಯಲ್ಲಿ ಎದುರಿಗೆ ಸಿಕ್ಕ ಡಬ್ಬಿ ಹತ್ತಿಬಿಟ್ಟೆ. ಒಳಗೆ ಇಬ್ಬರು ಹಿರಿಯರು ಒಂದು ನೊಣದ ಸಲುವಾಗಿ ವಾದ ಮಾಡುತ್ತಿದ್ದರು.

ಒಬ್ಬರು ರವಿವಾರ ಪೇಟೆಯ ಅಕ್ಕಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಕೈಯಲ್ಲಿ ಛತ್ರಿ. ಖಾನಾಪುರದ ಗಿರಣಿಗಳಲ್ಲಿ ಅಕ್ಕಿ ನೋಡಿ ಕೊಳ್ಳಲು ಹೋಗುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಸಾವುಕಾರರು. ಇನ್ನೊಬ್ಬರು ಖಾನಾಪುರದಲ್ಲಿ ಹೊಲಗಳ ಅಳತೆ ಮಾಡುವ ಸರ್ವೇಯರು. ಅವರ ಮನೆಮಾತು ಉರ್ದು, ಆದರೆ ಕನ್ನಡ ನಮ್ಮೆಲ್ಲರಿಗಿಂತ ಚೊಕ್ಕ. ಅವರನ್ನು ಸಾಹೇಬರು ಎನ್ನುತ್ತಿದ್ದರು. ಅವತ್ತಿನ ಪ್ರಶ್ನೆ ಇದು: ಗಾಡಿ ಮುಂದಕ್ಕೆ ಓಡುತ್ತಿದೆ, ನೊಣ ಏನನ್ನೂ ಹಿಡಿದುಕೊಳ್ಳದೆ ಹಾರುತ್ತಿದೆ, ಅಂದಮೇಲೆ ಅದು ಹೋಗಿ ಹಿಂದಿನ ಗೋಡೆಗೆ ಯಾಕೆ ಬಡಿಯುವುದಿಲ್ಲ? ಸುಮ್ಮನಿರುವುದು ನನ್ನ ಜಾಯಮಾನವಲ್ಲ.

"ಡಬ್ಬ್ಯಾಗಿನ ಗಾಳೀನೂ ಗಾಡಿ ಜೋಡಿನ ಹೊಂಟೈತಲ್ರಿ," ಅಂದೆ ನಿಂತಲ್ಲಿಂದಲೇ.

ಇಬ್ಬರೂ ತಿರುಗಿ ನೋಡಿದರು. ಸಾವುಕಾರರು ಛತ್ರಿ ಎತ್ತಿಕೊಂಡು ಬಾಜುಕ್ಕೆ ಸರಿದರು. "ಕುಂದರ್ರಿ ಅಕ್ಕೋರ. ಗಾಳಿ ಹೆಂಗ ಹೊಂಟೈತಿ ಅಂತ ಬಿಡಿಸಿ ಹೇಳ್ರಿ."

ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಅವತ್ತಿನಿಂದ ಕಿಟಕಿಯ ಪಕ್ಕದ ಆ ಜಾಗದಲ್ಲೇ ನಾನು ಕೂರತೊಡಗಿದೆ. ಹಳಿಗಳ ಕೂಡು ದಾಟುವಾಗಿನ ಸಪ್ಪಳ ಎಣಿಸಿ ಗಾಡಿಯ ವೇಗ ಹೇಳಬಹುದೇ? ಚಂದ್ರ ನಮ್ಮ ಜೊತೆಗೇ ಓಡಿಬಂದಂತೆ ಕಾಣುತ್ತಾನೆ, ಗಿಡಗಳು ಯಾಕೆ ಹಿಂದೆ ಉಳಿಯುತ್ತವೆ? ಇಂಥವೇ ಪ್ರಶ್ನೆಗಳು. ಉತ್ತರ ಸಿಕ್ಕದೆ ಖಾನಾಪುರ ಬಂದರೆ ಮರುದಿನ ಅಲ್ಲಿಂದಲೇ ಶುರು. ಶಾಲೆಯಲ್ಲಿ ಇಡೀ ದಿನ ನನಗೆ ಗೊತ್ತಿದ್ದದ್ದನ್ನೇ ಹೇಳಬೇಕು. ಗೊತ್ತಿಲ್ಲದ್ದನ್ನು ಯೋಚಿಸಲು ನನಗೆ ಸಿಗುತ್ತಿದ್ದದ್ದು ಆ ಒಂದು ತಾಸು ಮಾತ್ರ.

ನಾನು ನೌಕರಿಗೆ ಸೇರಿದ ನಾಲ್ಕನೇ ವರ್ಷ, ದಸರೆ ಮುಗಿದ ಮೇಲೆ ಸಾವುಕಾರರು ಮೊಮ್ಮಗನ ಹುಟ್ಟುಹಬ್ಬವೆಂದು ಪೇಡೆ ತಂದರು. ಸಾಹೇಬರು ತಮ್ಮ ಮಗಳು ಹುಟ್ಟಿದ್ದೂ ಅದೇ ತಾರೀಖು ಅಂದರು.

"ಎಂಥಾ ಯೋಗಾಯೋಗ ನೋಡ್ರಿ. ಲಕ್ಷಕ್ಕ ಒಂದು," ಅಂದರು ಸಾವುಕಾರರು.

"ಅಷ್ಟೇನಿಲ್ರಿ," ಅಂದೆ ನಾನು. "ನನ್ನ ವರ್ಗದಾಗ ನಲವತ್ತೆರಡು ಹುಡುಗ್ರ ಅದಾವ. ಅಷ್ಟರಾಗನ ಒಂದ ತಾರೀಖಿಗೆ ಹುಟ್ಟಿದವರು ಇಬ್ರರೆ ಸಿಗ್ತಾರ."

ಇದು ಬಾಯಿಗೆ ಬಂದಂತೆ ಆಡಿದ ಮಾತಲ್ಲ. ಹಬ್ಬದ ಮರುದಿನವಷ್ಟೇ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದೆ: ವರ್ಗದ ನಲವತ್ತೆರಡು ಜನರೂ ದಸರೆಗೆ ಕೊಡುವಂತೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟರೆ ಒಟ್ಟು ಎಷ್ಟು ಜೋಡಿಗಳಾಗುತ್ತವೆ? ಒಬ್ಬೊಬ್ಬರೂ ನಲವತ್ತೊಂದು ಜನರಿಗೆ ಕೊಡಬೇಕು. ಒಂದೇ ಜೋಡಿಯನ್ನು ಎರಡು ಸಲ ಎಣಿಸಬಾರದು. ಎಂಟುನೂರಾ ಅರವತ್ತೊಂದು ಜೋಡಿಗಳು. ಉತ್ತರ ನೋಡಿ ನನಗೇ ಆಶ್ಚರ್ಯವಾಗಿತ್ತು. ಮಕ್ಕಳು ನಲವತ್ತೆರಡೇ ಆದರೂ ಜೋಡಿಗಳು ಅಷ್ಟೊಂದು. ಪ್ರತಿ ಜೋಡಿಗೂ ತಾರೀಖು ಕೂಡಿಬರುವ ಅವಕಾಶ ಮುನ್ನೂರ ಅರವತ್ತೈದರಲ್ಲಿ ಒಂದಾದರೂ, ಅಂಥ ಅವಕಾಶಗಳು ಎಂಟುನೂರಕ್ಕೂ ಹೆಚ್ಚು. ಒಂದೂ ಕೂಡಿಬರದಿದ್ದರೇ ಅದು ಅಪರೂಪ.

ಸಾವುಕಾರರು ಒಪ್ಪಲಿಲ್ಲ. "ವರ್ಷ ಅಂದ್ರ ಮುನ್ನೂರ ಅರವತ್ತೈದು ಖೋಲಿ ಇರೂ ಮನಿ. ನಿಮ್ಮ ಹುಡುಗ್ರು ನಲವತ್ತೆರಡು. ಎಂಟೊಂಬತ್ತು ಖೋಲಿಗೆ ಒಬ್ಬ. ಅಷ್ಟು ಜಾಗಾ ಖಾಲಿ ಇರುವಾಗ ಒಂದ ಖೋಲ್ಯಾಗ ಇಬ್ರು ಯಾಕ ಹೋಗ್ತಾರ್ರಿ? ಬನ್ನಿ ಕೊಡೂ ಲೆಕ್ಕಾ ಬನ್ನಿಗೇ ಇರಲಿ. ಸಣ್ಣ ಹುಡುಗ್ರಿಗೆ ಮಗ್ಗಿ ಕಲಸೂದು ಬ್ಯಾರೆ, ಇದು ಬ್ಯಾರೆ."

ಆ ಕೊನೆಯ ಮಾತಿಗೆ ನನ್ನ ಮೈ ಉರಿದುಹೋಯಿತು.

"ನಾಳೆ ಹಾಜರಿ ಪುಸ್ತಕ ತರ್ತೀನ್ರಿ. ನನ್ನ ಮಾತು ಸುಳ್ಳಾದ್ರ ಹೆಂಗಸರ ಡಬ್ಬಿಗೆ ಹೋಗಿ ಕುಂದರ್ತೀನಿ. ಮತ್ತ ಈ ಡಬ್ಬಿ ಹತ್ತೂದಿಲ್ಲ."

ಡಬ್ಬಿಯೆಲ್ಲ ಕೇಳಿಸಿಕೊಂಡಿತು. ಮಾತು ಬಾಯಿಂದ ಬಿದ್ದಾಗಿತ್ತು. ಹೆಂಗಸರ ಡಬ್ಬಿಯಲ್ಲೇನೂ ಕೊರತೆಯಿರಲಿಲ್ಲ. ಆದರೆ ಆ ಒಂದು ತಾಸು ಕಳೆದುಕೊಂಡರೆ ನನ್ನ ದಿನದಲ್ಲಿ ಉಳಿಯುವುದೇನು?

ಮರುದಿನ ಗಾಡಿ ಹೊರಟ ಮೇಲೆ ಹಾಜರಿ ಪುಸ್ತಕವನ್ನು ಸಾಹೇಬರ ಕೈಗೆ ಕೊಟ್ಟೆ. ಅದರಲ್ಲಿ ಪ್ರತಿ ಹೆಸರಿನ ಮುಂದೆ ಜನ್ಮದಿನಾಂಕ ಇರುತ್ತದೆ. ನನಗೆಷ್ಟು ಭರವಸೆಯೆಂದರೆ ನಾನು ಆ ತಾರೀಖುಗಳ ಕಡೆ ಕಣ್ಣೂ ಹಾಯಿಸಿರಲಿಲ್ಲ. ಸಾಹೇಬರು ಓದತೊಡಗಿದರು. "ಜೂನ್ ಒಂದು. ಜೂನ್ ಒಂದು. ಆಗಸ್ಟ್ ಏಳು. ಜೂನ್ ಒಂದು. ಜೂನ್ ಒಂದು..." ಓದುತ್ತ ಓದುತ್ತ ಅವರ ದನಿ ಇಳಿಯಿತು. ನಲವತ್ತೆರಡರಲ್ಲಿ ಇಪ್ಪತ್ತಾರು ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದ್ದರು.

ಸಾವುಕಾರರು ನಕ್ಕ ನಗು ದೇಸೂರು ದಾಟುವ ತನಕ ನಿಲ್ಲಲಿಲ್ಲ. "ಅಕ್ಕೋರ, ನೀವು ಇಬ್ರು ಸಿಗ್ತಾರ ಅಂದಿದ್ರಿ. ಇಲ್ಲಿ ಅರ್ಧಾ ಖಾನಾಪುರ ಸಿಕ್ಕಿತಲ್ರಿ."

ಆ ತಾರೀಖುಗಳನ್ನು ಬರೆದವಳು ನಾನೇ. ಶಾಲೆ ಶುರುವಾಗುವುದು ಜೂನಿನಲ್ಲಿ. ಹೆಸರು ಹಚ್ಚಲು ಬಂದ ಅಪ್ಪಂದಿರಿಗೆ ಮಗು ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. ವಯಸ್ಸು ಸರಿಹೊಂದಲೆಂದು ಜೂನ್ ಒಂದು ಎಂದು ಗೀಚಿ ಮುಂದಿನವರನ್ನು ಕರೆಯುತ್ತಿದ್ದೆವು. ಎಲ್ಲ ಶಾಲೆಗಳಲ್ಲೂ ಅದೇ ರೂಢಿ. ನನ್ನ ಸುಳ್ಳನ್ನೇ ನಾನು ಸಾಕ್ಷಿಗೆ ಕರೆತಂದಿದ್ದೆ.

ನನ್ನ ನೆರವಿಗೆ ಬಂದವರು ಸಾಹೇಬರು. "ಇದು ಅಳತಿ ಅಲ್ರಿ, ಬರೇ ಬರವಣಿಗಿ," ಅಂದರು. "ಹೊಲಕ್ಕ ಹೋಗದ ನಕಾಶಿ ತಗದ್ರ ಹಿಂಗ ಆಗ್ತೈತಿ. ಒಂದು ತಿಂಗಳ ಮುದ್ದತ್ ಕೊಡೂಣು. ಖರೇ ತಾರೀಖು ಹುಡುಕಿ ತರಲಿ."

ಸಾವುಕಾರರು ಒಂದು ಶರತ್ತು ಹಾಕಿ ಒಪ್ಪಿದರು. ಪ್ರತಿ ವರ್ಷ ಗಿರಾಕಿಗಳಿಗೆ ಹಂಚಲು ಅವರು ತಮ್ಮ ಅಂಗಡಿಯ ಹೆಸರಿನ ಕ್ಯಾಲೆಂಡರ್ ಅಚ್ಚು ಹಾಕಿಸುತ್ತಿದ್ದರು, ಒಂದೊಂದು ಪ್ರತಿಯನ್ನು ಜೋಪಾನವಾಗಿ ಇಡುತ್ತಿದ್ದರು. ತಿಥಿ, ಹಬ್ಬ, ಈದು ಎಲ್ಲ ಅದರಲ್ಲಿರುತ್ತಿದ್ದವು. ಮನೆಯವರು ಹೇಳಿದ ದಿನವನ್ನು ನಾನು ಚೀಟಿಯಲ್ಲಿ ಬರೆದು ತರಬೇಕು, ತಾರೀಖು ತೆಗೆಯುವುದು ಮಾತ್ರ ಡಬ್ಬಿಯಲ್ಲಿ, ಅವರ ಕಣ್ಣೆದುರಿಗೆ, ಅವರ ಕ್ಯಾಲೆಂಡರಿನಿಂದ. ನನ್ನ ಪೆನ್ನಿನ ಮೇಲೆ ಅವರಿಗೆ ವಿಶ್ವಾಸ ಉಳಿದಿರಲಿಲ್ಲ. ತಪ್ಪು ನನ್ನದೇ, ಏನನ್ನಲಿ?

ಶಾಲೆ ಬಿಟ್ಟ ಮೇಲೆ ಸಂಜೆಯ ಗಾಡಿಗೆ ಮುಂಚೆ ಒಂದು ತಾಸು ಸಿಗುತ್ತಿತ್ತು. ಓಣಿ ಓಣಿ ತಿರುಗಿದೆ. ಈ ಸಲ ಅಪ್ಪಂದಿರನ್ನು ಕೇಳಲಿಲ್ಲ, ಅವ್ವಂದಿರನ್ನು ಕೇಳಿದೆ. ಕನ್ನಡದಲ್ಲಿ, ಮರಾಠಿಯಲ್ಲಿ, ಅರೆಬರೆ ಉರ್ದುವಿನಲ್ಲಿ ಕೇಳಿದೆ. ಯಾರಿಗೂ ತಾರೀಖು ಗೊತ್ತಿರಲಿಲ್ಲ, ದಿನ ಮಾತ್ರ ಎಲ್ಲರಿಗೂ ಗೊತ್ತಿತ್ತು. ಕುಂಬಾರರ ಮನೆಯ ತಾಯಿ, "ಸಂಕ್ರಮಣದ ದಿನಾ ರೀ. ಎಳ್ಳು ಹಚ್ಕೊಂಡು ಜಳಕಕ್ಕ ಕುಂತಿದ್ದೆ, ಅಲ್ಲೇ ಬ್ಯಾನಿ ಸುರುವಾತು," ಅಂದಳು. ಬೇಕರಿಯವನ ಹೆಂಡತಿ, "ಬಾಸಿ ಈದ್ ದಿನಾ ರೀ ಅಕ್ಕೋರ," ಅಂದಳು. ರಂಜಾನ್ ಈದಿನ ಮರುದಿನಕ್ಕೆ ಅವರು ಹಾಗೆನ್ನುತ್ತಾರೆ. "ಉಳಿದ ಶೀರ್‌ಖುರ್ಮಾ ಮಂದಿ ಉಂಡ್ರು, ನನಗ ಒಂದು ಗುಟುಕೂ ಸಿಗಲಿಲ್ಲ. ಆ ವರ್ಷ ಓಟು ಹಾಕಾಕ ಹೋದಾಗ ಕೂಸು ಬಗಲಾಗ ಇತ್ತು." ಒಂದು ಮನೆಯಲ್ಲಿ ಅತ್ತೆ ಅಮಾವಾಸ್ಯೆ ಅಂದರೆ ಸೊಸೆ ಪಾಡ್ಯ ಅಂದಳು, ಅವರು ವಾದಕ್ಕೆ ಬಿದ್ದದ್ದು ನೋಡಿ ಆ ಚೀಟಿ ಹರಿದು ಹಾಕಿ ಎದ್ದುಬಂದೆ.

"ಇಷ್ಟು ವರ್ಷದಾಗ ಇದನ್ನ ನನ್ನ ಯಾರೂ ಕೇಳಿಲ್ರಿ," ಅಂತ ಒಬ್ಬ ತಾಯಿ ಅಂದಳು. ಅಂಥದೇ ಮಾತನ್ನು ಮತ್ತೆ ಮೂರು ನಾಲ್ಕು ಮನೆಗಳಲ್ಲಿ ಕೇಳಿದೆ. ಹುಡುಗರ ಲೆಕ್ಕ ಬರೆಯುವ ನಾನು ಅವರನ್ನು ಹೆತ್ತವರಿಗೆ ಒಂದು ಪ್ರಶ್ನೆ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ತಿಂಗಳ ಕೊನೆಗೆ ನಂಬಬಹುದಾದ ಮೂವತ್ತೊಂದು ಚೀಟಿಗಳು ಉಳಿದವು. ಜೋಡಿಗಳು ಎಂಟುನೂರಾ ಅರವತ್ತೊಂದರಿಂದ ನಾನೂರಾ ಅರವತ್ತೈದಕ್ಕೆ ಇಳಿದಿದ್ದವು. ಆದರೂ ಲೆಕ್ಕ ನನ್ನ ಕಡೆಗೇ ಇತ್ತು. ಸಾಹೇಬರು ಒಂದು ದೊಡ್ಡ ಹಾಳೆಯ ಮೇಲೆ ಹನ್ನೆರಡು ತಿಂಗಳಿನ ಚೌಕಗಳನ್ನು ಗೆರೆ ಹೊಡೆದು ತಂದರು. ದಿನಕ್ಕೆ ಆರು ಚೀಟಿ. ನಾನು ಓದಬೇಕು, ಸಾವುಕಾರರು ಕ್ಯಾಲೆಂಡರ್ ನೋಡಿ ತಾರೀಖು ಹೇಳಬೇಕು, ಸಾಹೇಬರು ಆ ಚೌಕದಲ್ಲಿ ಗುರುತು ಹಾಕಬೇಕು. ಕುಂಬಾರರ ಹುಡುಗನದು ಮೊದಲ ದಿನವೇ ಆಯಿತು. ಸಂಕ್ರಮಣ ಅಂದರೆ ಜನವರಿ ಹದಿನಾಲ್ಕು, ಅದಕ್ಕೆ ಕ್ಯಾಲೆಂಡರೇ ಬೇಕಾಗಲಿಲ್ಲ.

ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಇಪ್ಪತ್ತನಾಲ್ಕು ಗುರುತುಗಳು ಬಿದ್ದವು, ಒಂದೂ ಕೂಡಿಬರಲಿಲ್ಲ. ಒಮ್ಮೆಯಂತೂ ಪಕ್ಕದ ಚೌಕಕ್ಕೆ ಬಂದು ತಪ್ಪಿತು. ಸಾವುಕಾರರು ಕೆಣಕುವುದನ್ನು ಬಿಟ್ಟಿದ್ದರು; ನನ್ನನ್ನು ನೋಡಿ ಮರುಗುತ್ತಿದ್ದರು, ಅದೇ ನನಗೆ ಹೆಚ್ಚು ಸಂಕಟ. ಶುಕ್ರವಾರ ಏಳು ಚೀಟಿ ತೆಗೆದುಕೊಂಡೆವು. ದೇಸೂರು ದಾಟಿದಾಗ ಉಳಿದದ್ದು ಎರಡು. ಹಿಂದಿನ ಬೆಂಚಿನವರೂ ಎದ್ದು ಬಂದು ಸುತ್ತ ನಿಂತರು. ಹೆಂಗಸರ ಡಬ್ಬಿಯಲ್ಲಿ ಯಾವ ಕಿಟಕಿಯ ಪಕ್ಕ ಕೂರಬೇಕೆಂದು ನಾನು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದೆ.

"ಬಾಸಿ ಈದ್. ಚುನಾವಣೆಯ ವರ್ಷ," ಎಂದು ಓದಿದೆ.

ಸಾವುಕಾರರು ಆ ವರ್ಷದ ಕ್ಯಾಲೆಂಡರ್ ಬಿಚ್ಚಿದರು. "ಜನವರಿ... ಇಲ್ಲೈತಿ ನೋಡ್ರಿ, ಈದ್. ಮರುದಿನ ಅಂದ್ರ..." ಬೆರಳು ಒಂದು ಚೌಕ ಸರಿದು ಅಲ್ಲೇ ನಿಂತಿತು. ಆ ಚೌಕ ಕೆಂಪಾಗಿತ್ತು. ಅವರು ಬೇರೆ ತಾರೀಖು ಹೇಳಿ ಕ್ಯಾಲೆಂಡರ್ ಮಡಚಿಬಿಟ್ಟಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದರು. "ಹದಿನಾಕು. ಮಕರ ಸಂಕ್ರಮಣ."

ಸಾಹೇಬರು ಹಾಳೆ ಮೇಲೆತ್ತಿ ತೋರಿಸಿದರು. ಅಲ್ಲಿ ಕುಂಬಾರರ ಹುಡುಗನ ಗುರುತು ಆಗಲೇ ಇತ್ತು. ಅವನು ಒಂದು ವರ್ಷ ದೊಡ್ಡವನು, ತಾರೀಖು ಮಾತ್ರ ಅದೇ. ಇಬ್ಬರೂ ನನ್ನ ವರ್ಗದಲ್ಲಿ ಎದುರು ಬದುರು ಕೂರುವವರು, ಇಬ್ಬರ ಹೆಸರಿನ ಮುಂದೆಯೂ ನಾನು ಜೂನ್ ಒಂದು ಎಂದು ಬರೆದಿದ್ದೆ.

"ನಂದ ಕ್ಯಾಲೆಂಡರ್, ನಂದ ಬೆರಳು," ಅಂದರು ಸಾವುಕಾರರು. "ಇನ್ನ ಏನ್ ಅನ್ನಾಕ ಬರ್ತೈತಿ."

ಸಾಹೇಬರು ಅಷ್ಟಕ್ಕೆ ಬಿಡಲಿಲ್ಲ. ಒಂದು ಹೊಲ ಅಳೆದರೆ ಇಡೀ ಊರು ಅಳೆದಂತಾಗುವುದಿಲ್ಲ, ಇನ್ನೂ ನಾಲ್ಕು ವರ್ಗ ನೋಡಬೇಕು ಅಂದರು. ಅವರ ಮಾತು ಸರಿಯಾಗಿತ್ತು, ನಾನೂ ಹೂಂ ಅಂದೆ. ಆದರೆ ಅವತ್ತು ಖಾನಾಪುರ ಸ್ಟೇಶನ್ನಿನಿಂದ ಶಾಲೆಗೆ ನಡೆದು ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂವತ್ತೊಂದು ಮಂದಿ ತಾಯಂದಿರ ನೆನಪು ಮತ್ತು ಒಂದು ಗುಣಾಕಾರ, ಇಷ್ಟನ್ನೇ ನಂಬಿ ನಿಂತಿದ್ದೆ, ಅವೆರಡೂ ನನ್ನನ್ನು ಕೈಬಿಟ್ಟಿರಲಿಲ್ಲ.

ಸೋಮವಾರ ಗಾಡಿ ಹತ್ತಿದಾಗ ಕೋಟು ಹಾಕಿದ ಯಾರೋ ದೊಡ್ಡ ಮನುಷ್ಯರು, ಹೊಸಬರು, ನನ್ನ ಜಾಗದಲ್ಲಿ ಪೇಪರ್ ಬಿಡಿಸಿಕೊಂಡು ಕೂತಿದ್ದರು. ನಾನು ನಿಂತೇ ಹೋಗೋಣವೆಂದು ಮೇಲಿನ ಹಲಗೆಯ ಸರಪಳಿ ಹಿಡಿದೆ. ಸಾವುಕಾರರು ಛತ್ರಿಯ ತುದಿಯಿಂದ ಅವರ ಪೇಪರನ್ನು ಮೆಲ್ಲಗೆ ತಟ್ಟಿದರು.

"ಏಳ್ರಿ ಯಜಮಾನ್ರ, ಅದು ಅಕ್ಕೋರ ಜಾಗಾ."

"ರಿಸರ್ವ್ ಐತೇನ್ರಿ?" ಎಂದು ಅವರು ಕೇಳಿದರು.

"ಇಲ್ರಿ," ಅಂದರು ಸಾವುಕಾರರು. "ಲೆಕ್ಕಾ ಮಾಡಿ ಗಳಿಸ್ಯಾರ. ನನ್ನ ಸೋಲಿಸಿ."