ಸೊನ್ನೆಗೆ ನೂರಕ್ಕೆ ಒಂದು

ಗರಾಜಿನ ಹಳೆಯ ಡಬ್ಬದಲ್ಲಿ ಮರದ ಅಡಿಪಟ್ಟಿ ಸಿಕ್ಕಿತು. ಸೊನ್ನೆಯ ತುದಿ ಸವೆದಿದೆ. ಅದಕ್ಕೇ ಮೇಷ್ಟ್ರು ಯಾವಾಗಲೂ ಒಂದರಿಂದ ಅಳೆದು, ಆಮೇಲೆ ಒಂದನ್ನು ಕಳೆಯುತ್ತಿದ್ದರು... ಕೆಲಸ ಬಿಟ್ಟು ಊರಿಗೆ ವಾಪಸು ಹೊರಟ ದಿನ ಅದನ್ನು ನನ್ನಂಥವನ ಕೈಗೆ ಯಾಕೆ ಕೊಟ್ಟರೋ.

ಡಾಟ್‌ಕಾಮ್ ಹುಚ್ಚಿನ ಕಾಲ. ಕಾಲೇಜು ಹುಡುಗರ ಫಿಸಿಕ್ಸ್ ಹೋಮ್‌ವರ್ಕನ್ನು ತಾನೇ ತಿದ್ದುವ ವೆಬ್‌ಸೈಟು ಮಾಡುತ್ತಿದ್ದ, ಅಮೆರಿಕದ ಲಾಸ್ ಆಲ್ಟೋಸಿನ ಪುಟ್ಟ ಕಂಪನಿ ನಮ್ಮದು. ಮೊದಲು ಮೈಸೂರಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಅದಕ್ಕೆ ಲೆಕ್ಕಗಳನ್ನು ಬರೆಯುತ್ತಿದ್ದರು, ನಾನು ಪ್ರೋಗ್ರಾಮು. ಇಬ್ಬರದೂ ಯೂನಿಯನ್ ಸಿಟಿಯ ಒಂದೇ ಅಪಾರ್ಟ್‌ಮೆಂಟು, ದಿನಾ ನನ್ನ ಕಾರಿನಲ್ಲೇ ಬರುತ್ತಿದ್ದರು. ಅವರ ಮನೆಯ ಉಪ್ಪಿಟ್ಟು ತಿಂದು ಆಫೀಸಿನಲ್ಲಿ ಅವರನ್ನೇ ಆಡಿಕೊಳ್ಳುತ್ತಿದ್ದೆ. ಉಂಡ ಮನೆಯ ಜಂತೆ ಎಣಿಸುವ ಬುದ್ಧಿ.

ಹುಡುಗರ ಉತ್ತರ ಸರಿಯುತ್ತರಕ್ಕಿಂತ ನೂರಕ್ಕೆ ಒಂದರಷ್ಟು ಆಚೀಚೆಯಿದ್ದರೂ ಪ್ರೋಗ್ರಾಮು ಸರಿಯೆನ್ನಬೇಕು. ಅದು ನಾನಿಟ್ಟ ಮಿತಿ. ಮೇಷ್ಟ್ರು ಅದರಲ್ಲೊಂದು ತೊಡಕು ಕಂಡುಹಿಡಿದರು. ಎರಡು ಕಡೆಯ ಬಲ ಸಮನಾಗಿ ಉತ್ತರ ಸೊನ್ನೆಯೇ ಆದರೆ? ಸೊನ್ನೆಯಲ್ಲಿ ನೂರಕ್ಕೆ ಒಂದು ಅಂದರೂ ಸೊನ್ನೆಯೇ. ದಶಾಂಶ ಕತ್ತರಿಸುವಾಗ ಕೂದಲೆಳೆಯಷ್ಟು ಉಳಿದರೂ ಹುಡುಗನ ಉತ್ತರ ತಪ್ಪಾಗುತ್ತದೆ. ಸೊನ್ನೆಗೆ ಬೇರೆ ಮಿತಿ ಇಡು ಎಂದು ಮೂರು ಸಲ ಹೇಳಿದರು. ಮೂರು ಸಲವೂ ಆಮೇಲೆ ನೋಡೋಣ ಎಂದೆ.

ತಮ್ಮ ಕಾಲೇಜಿಗೆ ಕೊಳ್ಳುವ ಮುಂಚೆ ಸೈಟನ್ನು ಪರೀಕ್ಷಿಸಲು ಬಂದ ಪ್ರೊಫೆಸರು ಅಂಥದೇ ಲೆಕ್ಕಕ್ಕೆ 0.0001 ಎಂದು ಒತ್ತಿದರು. ತಪ್ಪೆಂದು ಕೆಂಪು ಗುರುತು ಬಂತು. ನಕ್ಕು ಎದ್ದುಹೋದರು. ಈ ಮಿತಿ ಇಟ್ಟವರು ಯಾರೆಂದು ಬಾಸು ಕೇಳಿದ. ನಾನು ಮೇಷ್ಟ್ರ ಕಡೆ ಕೈ ತೋರಿಸಿದೆ. ಅವರು ಬಾಯಿ ತೆರೆದರು, ನನ್ನನ್ನು ನೋಡಿದರು, ಸುಮ್ಮನಾದರು... ಮಧ್ಯಾಹ್ನದೊಳಗೆ ಅವರ ಕೆಲಸ ಹೋಯಿತು, ಕೆಲಸದ ಜೊತೆ ವೀಸಾ. ಮಗಳ ಹೈಸ್ಕೂಲು ಮುಗಿಯಲು ಎರಡೇ ತಿಂಗಳಿತ್ತು.

ಸಂಜೆ ಅವರು ನನ್ನ ಕಾರಿನಲ್ಲೇ ಮನೆಗೆ ಬರಬೇಕಾಯಿತು.

"ಮಗೂಗೆ ಏನ್ ಹೇಳ್ಲಿ ಅಂತ ಯೋಚಿಸ್ತಿದೀನಪ್ಪ," ಎಂದರು ದಾರಿಯ ಸೇತುವೆ ದಾಟುವಾಗ. "ನಿನ್ನ ಹೆಸರು ಹೇಳಲ್ಲ ಬಿಡು. ಅವಳು ನಿನ್ನನ್ನ ಅಣ್ಣ ಅಂತಾಳೆ."

ನಾಚಿಕೆಯಾಗಲಿಲ್ಲ. ಬದುಕಿದೆಯಾ ಬಡಜೀವವೇ ಎನಿಸಿತು. ನನ್ನದೂ ಅದೇ ವೀಸಾ ಆಗಿತ್ತು. ಮಾರನೇ ದಿನ ಸೊನ್ನೆಗೆ ಬೇರೆ ಮಿತಿ ಬರೆದೆ. ಹತ್ತು ನಿಮಿಷದ ಕೆಲಸ. ಬಾಸು ಬೆನ್ನು ತಟ್ಟಿದ.

ಹೋದ ವಾರ ಅವರ ಮಗಳ ಮೇಲ್ ಬಂತು. ಎರಡೇ ಸಾಲು. "ಅಪ್ಪ ಹೋಗ್ಬಿಟ್ರು, ಅಣ್ಣ. ಅಮೆರಿಕದಲ್ಲಿ ನಮಗೇಂತ ಇದ್ದೋನು ಅವನೊಬ್ಬನೇ ಅಂತ ನಿಮ್ಮ ಬಗ್ಗೆ ಯಾವಾಗ್ಲೂ ಹೇಳ್ತಿದ್ರು."

ಅಡಿಪಟ್ಟಿಯನ್ನು ಹುಡುಕಿ ತೆಗೆದದ್ದು ಅದನ್ನು ಓದಿದ ಮೇಲೆ. ಅವಳಿಗೆ ಇನ್ನೂ ಉತ್ತರ ಬರೆದಿಲ್ಲ.