ಬಲಕ್ಕೆ ಬಿದ್ದ ಹೂ

ಮಾದೇಶ, ಅವತ್ತು ದೇವರು ನಿನಗೆ ಬಲ ಕೊಟ್ಟಿದ್ದ. ಎಡ ಕೊಟ್ಟ ಎಂದು ಊರಿಗೆಲ್ಲ ಸುಳ್ಳು ಹೇಳಿದವನು ನಾನು.

ಏಳು ವರ್ಷದಿಂದ ಈ ಎರಡು ಮಾತು ನನ್ನ ಬಾಯಿಂದ ಹೊರಬಂದಿರಲಿಲ್ಲ. ಬರೆದು ನೋಡಿದರೆ ಇಷ್ಟೇ ಇಷ್ಟು. ಇಷ್ಟನ್ನು ಹೇಳಲಾರದೆ — ಥೂ, ನನ್ನ ಬಾಳಿಗಿಷ್ಟು. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ. ಈ ಕಾಗದವನ್ನು ನೀನೊಬ್ಬನೇ ಓದಬೇಕೆಂಬ ಆಸೆ ಈಗ ನನಗಿಲ್ಲ, ಯಾರು ಬೇಕಾದರೂ ಓದಲಿ.

ನೀನು ಮಧುವನಹಳ್ಳಿಯಿಂದ ನಮ್ಮೂರಿಗೆ ಬಂದದ್ದು ನಮ್ಮ ದೇವರು ಗುಡ್ಡದಪ್ಪನ ಗುಡಿ ಗೋಪುರದ ಗೊಂಬೆಗಳಿಗೆ ಬಣ್ಣ ಬಳಿಯಲು. ಅಪ್ಪನ ಕೈ ನಡುಗತೊಡಗಿ, ಪೂಜೆ ನನ್ನ ಹೆಗಲಿಗೆ ಬಿದ್ದು ಆಗಿನ್ನೂ ಒಂದು ವರ್ಷ. ನಮ್ಮ ದೇವರ ಪೂಜಾರಿ ಊರ ಗಡಿಕಲ್ಲಿನ ಆಚೆ ಒಂದು ರಾತ್ರಿಯೂ ಮಲಗುವ ಹಾಗಿಲ್ಲ. ಲೊಕ್ಕನಹಳ್ಳಿ ದಾಟಿ ಕಾಡಿನ ಅಂಚಿನಲ್ಲಿರುವ ಊರು ನಮ್ಮದು, ಕೊಳ್ಳೇಗಾಲಕ್ಕೆ ಹೋದರೂ ಸಂಜೆ ಬಸ್ಸಿಗೆ ಓಡಿಬರಬೇಕು. ಗೂಟಕ್ಕೆ ಕಟ್ಟಿದ ಹೋತ ನಾನು ಅಂದರೆ ನೀನು ನಗುತ್ತಿದ್ದೆ.

ಮಧ್ಯಾಹ್ನ ಗುಡಿ ಬಾಗಿಲು ಹಾಕಿದ ಮೇಲೆ ನೀನು ಗೋಪುರಕ್ಕೆ ಕಟ್ಟಿದ ಬಿದಿರಿನ ಸಾರುವೆಯಿಂದ ಇಳಿದು ಬಂದು ನನ್ನ ಪಕ್ಕ ಕೂರುತ್ತಿದ್ದೆ. ಪ್ರಸಾದ ಎರಡನೇ ಸಲ ಕೇಳುತ್ತಿದ್ದೆ, ಕೊಡದಿದ್ದರೆ “ದೇವ್ರು ವರ ಕೊಟ್ರೂ ಪೂಜಾರಿ ಕೊಡ ಕಣ್ಲಾ” ಎಂದು ಛೇಡಿಸುತ್ತಿದ್ದೆ. ಅದು ಬರೀ ಗಾದೆ ಎಂದುಕೊಂಡಿದ್ದೆವು ಇಬ್ಬರೂ.

ಆ ಮಧ್ಯಾಹ್ನಗಳಲ್ಲೇ ನಮ್ಮ ಕಾಮಿಕ್ ಹುಟ್ಟಿದ್ದು. ಹುಡುಗ ಹುಡುಗನನ್ನು ಪ್ರೀತಿಸುವ ಅಂಥ ಕಥೆಗಳನ್ನು ನೀನು ಫೋನಿನಲ್ಲಿ ಓದುತ್ತಿದ್ದೆ, ನಮ್ಮ ಕಡೆಯದೂ ಒಂದಿರಲಿ ಅಂದೆ. ಚಿತ್ರ ನಿನ್ನದು, ಮಾತು ನನ್ನದು, ಹನ್ನೆರಡೇ ಪುಟ. ಗೋಪುರಕ್ಕೆ ಬಣ್ಣ ಹಚ್ಚುವವನೊಬ್ಬ. ಬಾಗಿಲು ಹಾಕಿದ ಹೊತ್ತಿನಲ್ಲಿ ಕಲ್ಲಿನಿಂದ ಎದ್ದು ಬಂದು ಅವನ ಜೊತೆ ಕೂರುವ ದೇವರೊಬ್ಬ. ಬಣ್ಣದವನು ತನ್ನ ಕೈಗಂಟಿದ ನೀಲಿಯನ್ನು ದೇವರ ಕೆನ್ನೆಗೆ ಒರೆಸುವ ಪುಟ ಇತ್ತಲ್ಲ — ಅದಕ್ಕೆ ನಾನು ಒಂದು ಮಾತೂ ಬರೆಯಲಿಲ್ಲ, ನೆನಪಿದೆಯಾ? ಬರೆಯಲು ಕೈ ಬರಲಿಲ್ಲ. ಆದರೆ ಆ ದೇವರು ಊರ ಗಡಿಕಲ್ಲು ದಾಟಿದರೆ ಮತ್ತೆ ಕಲ್ಲಾಗುತ್ತಾನೆ. ಕೊನೆಯ ಚೌಕದಲ್ಲಿ ಬಣ್ಣದವನು ಗಡಿಯ ಆಚೆ ನಿಂತು “ಬತ್ತಿಯಾ?” ಎಂದು ಕೇಳುತ್ತಾನೆ. ದೇವರ ಮಾತಿನ ಗುಳ್ಳೆಯನ್ನು ಖಾಲಿ ಬಿಟ್ಟು ಆ ಹಾಳೆಯನ್ನು ನನ್ನ ಕೈಗೆ ಕೊಟ್ಟು ಹೇಳಿದೆ, “ಇದ್ನ ನೀನೇ ಬರಿ ಸಿದ್ದು.”

ಅದು ಕಥೆಯ ಪ್ರಶ್ನೆಯಲ್ಲ, ನೀನು ನನ್ನನ್ನೇ ಕೇಳುತ್ತಿದ್ದೆ — ನನಗೆ ಆ ಕ್ಷಣವೇ ತಿಳಿಯಿತು. ತಿಳಿಯದವನ ಹಾಗೆ ಹಾಳೆ ಮಡಚಿ ಟ್ರಂಕಿನಲ್ಲಿಟ್ಟೆ. ನನ್ನ ಮೊದಲ ಸುಳ್ಳು ಅದೇ ಇರಬೇಕು.

ಹದಿನೈದು ದಿನ ಕಾದೆ ನೀನು. ಆಮೇಲೆ ನಿನ್ನ ಫೋನಿನಲ್ಲಿದ್ದ ಆ ಪುಟಗಳ ಪಟಗಳನ್ನೇ, ಖಾಲಿ ಗುಳ್ಳೆಯ ಸಮೇತ, ಎಲ್ಲರೂ ನೋಡುವ ಹಾಗೆ ಇಂಟರ್ನೆಟ್ಟಿಗೆ ಹಾಕಿದೆ. ಅದು ಕೈಯಿಂದ ಕೈಗೆ ತಿರುಗಿ ಗುಡಿಯ ಯಜಮಾನ ಪುಟ್ಟಮಾದಪ್ಪನವರ ಫೋನಿಗೂ ಬಂತು. ಗುಡಿ ಅಂಗಳದಲ್ಲಿ ಊರು ಸೇರಿತು. ನೀನು ನನ್ನ ಕಡೆ ತಿರುಗಿಯೂ ನೋಡದೆ “ಬರ್ದೋನೂ ನಾನೇ, ಕಟ್ದೋನೂ ನಾನೇ, ಇನ್ಯಾರೂ ಇಲ್ಲ” ಅಂದೆ. ಯಜಮಾನರು ಕನ್ನಡಕ ಏರಿಸಿ ಫೋನು ನೋಡುತ್ತಲೇ ಇದ್ದರು. “ಏನ್ಲಾ ಸಿದ್ದರಾಜು, ಈ ದೇವ್ರ ಮೊಕವ ಎಲ್ಲೋ ಕಂಡಂಗದೆ” ಅಂದರು.

ನೀನು ಬರೆದ ದೇವರ ಗಲ್ಲದಲ್ಲಿ ನನ್ನ ಮಚ್ಚೆ ಇತ್ತು. ಅಳಿಸು ಅಂದಿದ್ದೆ ನಾನು, ಯಾರು ನೋಡ್ತಾರೆ ಬುಡು ಅಂದಿದ್ದೆ ನೀನು. ಕಳ್ಳನ ಮನಸ್ಸು ಹುಳ್ಳುಳ್ಳಗೆ — ನಾನು ತಲೆ ಬಗ್ಗಿಸಿ ಗಲ್ಲ ಕೆರೆದುಕೊಂಡೆ. ಆ ದಿನದಿಂದ ಗಡ್ಡ ಬಿಟ್ಟಿದ್ದೇನೆ, ಇವತ್ತಿಗೂ ಬೋಳಿಸಿಲ್ಲ.

ಹೊಡೆಯುವುದು ಬೇಡ, ಅಯ್ಯ ಗುಡ್ಡದಪ್ಪನನ್ನೇ ಹೂ ಕೇಳೋಣ ಎಂದು ತೀರ್ಮಾನವಾಯಿತು. ನಮ್ಮಲ್ಲಿ ಮದುವೆಯಾಗಲಿ, ಬೋರ್‌ವೆಲ್ಲಾಗಲಿ, ಹೂ ಕೇಳದೆ ಏನೂ ನಡೆಯದು. ದೇವರ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸುವುದು, ಬಲದ್ದು ಮೊದಲು ಉದುರಿದರೆ ಆಗಲಿ ಎಂದು ಅಪ್ಪಣೆ, ಎಡದ್ದಾದರೆ ಬೇಡ. ಬಲ ಬಂದರೆ ನೀನು ಗೋಪುರ ಮುಗಿಸಬಹುದು. ಎಡ ಬಂದರೆ ಇನ್ನು ಯಾವ ಗುಡಿಯನ್ನೂ ಮುಟ್ಟುವಂತಿಲ್ಲ.

ಹೂ ಅಂಟಿಸುವವನು ನಾನಲ್ಲವೇ — ಬೇಗ ಉದುರದಿರಲೆಂದು ಬಲದ ಹೂವಿನ ಕೆಳಗೆ ಗಂಧವನ್ನು ದಪ್ಪಗೆ ಮೆತ್ತಿದೆ. ಎಡಕ್ಕೆ ಬರೀ ನೀರು. ನೀನು ಹೋದರೆ ಕಾಮಿಕ್ಕಿನ ಮಾತೂ ಹೋಗುತ್ತದೆ, ಯಾರೂ ಮತ್ತೆ ಆ ಮುಖ ನೋಡುವುದಿಲ್ಲ. ಅಷ್ಟೇ ಇತ್ತು ತಲೆಯಲ್ಲಿ. ನಿನ್ನ ಅನ್ನದ ಯೋಚನೆ ಬರಲೇ ಇಲ್ಲ. ಬಂದಿತ್ತೇನೋ — ಬಂದರೂ ಕೈ ನಿಲ್ಲಲಿಲ್ಲ.

ಆರತಿ ಹಿಡಿದು ದೇವರ ಮುಂದೆ ನಿಂತೆ, ಬೆನ್ನ ಹಿಂದೆ ಹೊಸ್ತಿಲಾಚೆ ಊರೆಲ್ಲ ಕೈಮುಗಿದು ನಿಂತಿತ್ತು. ಹೊರಗೆ ಯಾರೋ ಗಂಟೆಯನ್ನು ಎರಡು ಸಲ ಬಾರಿಸುವಷ್ಟರಲ್ಲಿ ಹೂ ಬಿತ್ತು ಮಾದೇಶ. ಬಲದ್ದು. ಮೆತ್ತಿದ ಗಂಧದ ಸಮೇತ ಕಿತ್ತುಕೊಂಡು ಬಂದು ನನ್ನ ಎಡ ಅಂಗೈ ಮೇಲೆ ಬಿತ್ತು. ಆರತಿಯ ಬಿಸಿಗೆ ಬಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಬಿಸಿ ಎಡದ ಹೂವಿಗೂ ಇತ್ತು, ಅದು ಅಲುಗಿರಲಿಲ್ಲ. ನನ್ನ ಮೋಸವನ್ನು ಮೀರಿ ದೇವರು ನಿನ್ನನ್ನು ಇರು ಅಂದ. ನನ್ನ ಬೆನ್ನು ಅಡ್ಡವಿತ್ತು, ಯಾರಿಗೂ ಕಾಣಲಿಲ್ಲ, ನಾನು ಮುಷ್ಟಿ ಮುಚ್ಚಿದೆ. ಮುಚ್ಚಿದ ಮುಷ್ಟಿಯಲ್ಲೇ ಕಾದೆ, ಎಡದ್ದು ಉದುರುವವರೆಗೆ. ಆಮೇಲೆ ಹೊರಗೆ ಬಂದು ಹೇಳಿದೆ, “ಅಯ್ಯ ಎಡ ಕೊಟ್ಟವ್ನೆ.”

ನೀನು ಜಗಳ ಮಾಡುತ್ತೀ ಅಂದುಕೊಂಡಿದ್ದೆ. ಕುಂಚಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತ ನೀನೇ ನನಗೆ ಸಮಾಧಾನ ಹೇಳಿದೆ. “ಓಗ್ಲಿ ಬುಡು ಸಿದ್ದು, ಅಯ್ಯನ್ಗೇ ಬ್ಯಾಡಾದ್ಮೇಲೆ ಮಾತೇನು.”

ನೀನು ನನಗೆ ಬೇಡ ಎಂದು ನಾನೇ ಅಂದಿದ್ದರೆ ನೀನು ಬೈದು ಹೋಗುತ್ತಿದ್ದೆ, ನಾಲ್ಕು ದಿನಕ್ಕೆ ಮರೆಯುತ್ತಿದ್ದೆ. ನಾನು ಹೇಡಿ ಎಂದು ಹೇಳುವ ಬದಲು ದೇವರಿಗೇ ನೀನು ಬೇಡ ಎಂದು ನಂಬಿಸಿ ಕಳಿಸಿದೆ. ಅಂಥ ಗಂಡಸು ನಾನು.

ಸುದ್ದಿ ಹನೂರು, ಕೊಳ್ಳೇಗಾಲ, ಯಳಂದೂರು ಎಲ್ಲ ಕಡೆ ತಲುಪಿತು. ಯಾವ ಗುಡಿಯವರೂ ನಿನ್ನನ್ನು ಕರೆಯಲಿಲ್ಲ. ಒಂದು ಸಲ ಯಳಂದೂರಿನಲ್ಲಿ ಬಸ್ಸು ನಿಂತಾಗ ನಿನ್ನನ್ನು ಕಂಡೆ, ನೀನು ಏಣಿ ಹತ್ತಿ ಗೊಬ್ಬರದಂಗಡಿಯ ಶಟರಿಗೆ ಅಕ್ಷರ ಬರೆಯುತ್ತಿದ್ದೆ. ನಾನು ಬಸ್ಸಿನಿಂದ ಇಳಿಯಲಿಲ್ಲ. ಕಿಟಕಿಯ ಕೆಳಗೆ ಬಗ್ಗಿ, ಚಪ್ಪಲಿ ಹುಡುಕುವವನ ಹಾಗೆ ಕೂತೆ, ಬಸ್ಸು ಹೊರಡುವವರೆಗೂ. ಈಗ ಸತ್ಯಮಂಗಲದ ಕಡೆ ಲಾರಿಗಳಿಗೆ ಬಣ್ಣ ಬಳಿಯುತ್ತೀಯಂತೆ.

ನಾನು ಇಲ್ಲೇ ಇದ್ದೇನೆ. ಅಮ್ಮ ತಂದ ಸಂಬಂಧಗಳಿಗೆಲ್ಲ ಹೂ ಕೇಳಿಸಿದಳು, ಎಲ್ಲಕ್ಕೂ ಎಡ ಬೀಳಿಸಿದೆ. ಗಂಧ ಮೆತ್ತುವುದು ಈಗ ರೂಢಿಯಾಗಿದೆ. ಜನ ಕಾಲಿಗೆ ಬೀಳುತ್ತಾರೆ, ಕಾಲು ಎಳೆದುಕೊಳ್ಳಲೂ ಆಗದು. ಆ ಗರ್ಭಗುಡಿಯಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತದೆ. ದೇವರು, ನಾನು, ನಡುವೆ ಎಣ್ಣೆ ಹೊಗೆ. ಅವನೊಬ್ಬನಿಗೆ ಎಲ್ಲ ಗೊತ್ತು. ದಿನಾ ಬೆಳಿಗ್ಗೆ ಅವನ ಮುಖ ತೊಳೆಯುವುದು ನನ್ನ ಕೆಲಸ.

ಗೋಪುರವೂ ಹಾಗೇ ಇದೆ. ಮೂರನೇ ಅಂತಸ್ತಿನ ಗೊಂಬೆಗಳಿಗೆ ಕಣ್ಣು ಬರೆಯುವುದು ಬಾಕಿ ಇತ್ತಲ್ಲ, ಒಬ್ಬ ಶುರುಮಾಡಿದ್ದಕ್ಕೆ ಇನ್ನೊಬ್ಬ ಕಣ್ಣು ಬರೆಯುವುದಿಲ್ಲ ಎಂದು ಬಂದವರೆಲ್ಲ ತಿರುಗಿ ಹೋದರು. ಮೊನ್ನೆ ಯಜಮಾನರು ಮೇಲೆ ನೋಡಿ ಹೇಳಿದರು, “ಕುಲ್ಡು ದೇವ್ರುಗಳ್ನ ಇನ್ನೆಷ್ಟು ವರ್ಸ ಇಟ್ಕೊಳದು? ಆ ಮಾದೇಶ್ನೇ ಬರ್ಲಿ. ಸ್ವಾಮಾರ ಇನ್ನೊಂದ್ಸಲ ಹೂ ಕೇಳ್ಬುಡು.” ಎಲ್ಲರೂ ನನ್ನ ಕಡೆ ತಿರುಗಿದರು. ಸೋಮವಾರವೇ ಆಗಲಿ ಎಂದು ತಲೆಯಾಡಿಸಿದೆ.

ಈ ಸಲ ಎಡಕ್ಕೆ ಗಂಧ ಮೆತ್ತಿದರೆ ಸಾಕು, ನೀನು ವಾಪಸು ಬರುತ್ತೀ, ನಾನೂ ಒಳ್ಳೆಯವನಾಗಿ ಉಳಿಯುತ್ತೇನೆ. ನಿಜ ಹೇಳುತ್ತೇನೆ, ಎರಡು ದಿನ ಅದನ್ನೇ ಯೋಚಿಸಿದೆ. ಆದರೆ ಆಗ ನೀನು ಏಳು ವರ್ಷ ದೇವರಿಗೆ ಬೇಡದವನಾಗಿದ್ದೆ ಎಂದೇ ನಂಬಿಕೊಂಡು ಆ ಸಾರುವೆ ಹತ್ತುತ್ತೀ.

ಆ ಹನ್ನೆರಡನೇ ಹಾಳೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಗುಳ್ಳೆ ಖಾಲಿಯೇ ಇದೆ. ಕೇಳಿದಾಗ ಹೇಳದವನಿಗೆ ಈಗ ಅದರಲ್ಲಿ ಬರೆಯುವ ಹಕ್ಕಿಲ್ಲ. ಕ್ಷಮಿಸು ಎಂದೂ ಕೇಳುತ್ತಿಲ್ಲ.

ಸೋಮವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಗುಡಿಗೆ ಹೋಗುತ್ತೇನೆ. ಹೂ ಅಂಟಿಸುವುದಿಲ್ಲ. ಹೊಸ್ತಿಲ ಮೇಲೆ ನಿಂತು ಊರಿಗೆ ಹೇಳುತ್ತೇನೆ, ಎರಡನೇ ಸಲ ಕೇಳುವುದೇನೂ ಇಲ್ಲ, ಅಯ್ಯ ಅವತ್ತೇ ಬಲ ಕೊಟ್ಟವ್ನೆ.